ಬುದ್ಧಿ ಬರುವಂಥ ಪುಸ್ತಕ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂತು. ನಾನು ಕೆಲಸಕ್ಕೆ ಸೇರಿದ ಮೊದಮೊದಲ ವರ್ಷಗಳಲ್ಲಿ ನನ್ನಲ್ಲಿ ಸಮಾಜ ವಿಜ್ಞಾನ ಕಲಿತವನು. ಯುಗಾದಿಗೆ ಒಮ್ಮೆ, ಶಿಕ್ಷಕರ ದಿನಾಚರಣೆಗೆ ಒಮ್ಮೆ ತಪ್ಪದೆ ಮಾತನಾಡಿಸುವ ಹುಡುಗ. ಹುಡುಗನೆಂದು ನಾನು ಕರೆದರೂ ಅವನಿಗೀಗ 50 ದಾಟಿದೆ. ಅಂದು ಯುಗಾದಿಯೂ ಅಲ್ಲ, ಸೆಪ್ಟೆಂಬರ್ 5 ಕೂಡ ಅಲ್ಲ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೂ ಅವನು ಫೋನು ಇಡಲಿಲ್ಲ. ಕೊನೆಗೆ, "ಮೇಷ್ಟ್ರೇ, ಮಗ ಒಳಗಿದಾನೆ" ಎಂದ.

ವಿಷಯ ಇಷ್ಟು. ಅವನ ಮಗನಿಗೆ 17 ವರ್ಷ. ಸ್ನೇಹಿತರ ಜೊತೆ ಸೇರಿ ಯಾರದೋ ಮೋಟಾರು ಸೈಕಲ್ ಎತ್ತಿಕೊಂಡು ಹೋದ ಆರೋಪ. ಹುಡುಗ ವೀಕ್ಷಣಾಲಯದಲ್ಲಿದ್ದಾನೆ. ನಮ್ಮ ಕಾಲದ ಜನ ರಿಮ್ಯಾಂಡ್ ಹೋಮ್ ಎನ್ನುತ್ತಿದ್ದರಲ್ಲ, ಅದೇ. ತಾಯಿ ಊಟ ಬಿಟ್ಟಿದ್ದಾಳೆ. ತಂದೆ ಇಲ್ಲಿ ನನ್ನನ್ನು ಕೇಳುತ್ತಿದ್ದಾನೆ: "ಅವನಿಗೆ ಬುದ್ಧಿ ಬರೋ ಅಂಥ ಒಂದು ಪುಸ್ತಕ ಹೇಳಿ ಮೇಷ್ಟ್ರೇ. ಮುಂದಿನ ವಾರ ನೋಡೋಕೆ ಹೋಗ್ತೀನಿ, ತಗೊಂಡು ಹೋಗಿ ಕೊಡ್ತೀನಿ."

ಮೂವತ್ತೈದು ವರ್ಷ ಪಾಠ ಹೇಳಿದವನಿಗೆ ಪುಸ್ತಕದ ಹೆಸರು ಹೇಳುವುದು ಏನು ಮಹಾ ಕಷ್ಟ ಎಂದು ನೀವು ಭಾವಿಸಬಹುದು. ಆದರೆ ಆ ಕ್ಷಣದಲ್ಲಿ ನನ್ನ ಬಾಯಿ ಕಟ್ಟಿತು. ಒಮ್ಮೆ ಇಂಥದೇ ಸಂದರ್ಭದಲ್ಲಿ ನಾನು ಒಬ್ಬ ಹುಡುಗನಿಗೆ ಪುಸ್ತಕ ಕೊಂಡೊಯ್ದು ಕೊಟ್ಟಿದ್ದೆ. ಅದು ಬಹಳ ಒಳ್ಳೆಯ ಪುಸ್ತಕ. ಕೊಟ್ಟದ್ದು ಮಾತ್ರ ದೊಡ್ಡ ತಪ್ಪು. ಆ ಕಥೆಯನ್ನು ನಾನು ನನ್ನ ಮನೆಯವರಿಗೂ ಪೂರ್ತಿ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಹೆಸರುಗಳನ್ನು ಬರೆಯುವುದಿಲ್ಲ. ಇಂಥ ಮಕ್ಕಳ ಗುರುತು ಹೊರಗೆಡಹಬಾರದೆಂದು ಕಾನೂನೇ ಹೇಳುತ್ತದೆ. ಹೇಳದಿದ್ದರೂ ನಾನು ಬರೆಯುತ್ತಿರಲಿಲ್ಲ.

1998ರ ನವೆಂಬರ್ ತಿಂಗಳು. ನಾನು ಹತ್ತನೆಯ ತರಗತಿಯ ತರಗತಿ ಶಿಕ್ಷಕ. ಎಸ್.ಎಸ್.ಎಲ್.ಸಿ. ಪರೀಕ್ಷಾ ಶುಲ್ಕವನ್ನು ಮಕ್ಕಳಿಂದ ವಸೂಲು ಮಾಡಿ, ಕಂದು ಬಣ್ಣದ ಲಕೋಟೆಯಲ್ಲಿ ಹಾಕಿ, ಅಧ್ಯಾಪಕರ ಕೊಠಡಿಯ ನನ್ನ ಮೇಜಿನ ಸೆಳೆಖಾನೆಯಲ್ಲಿ ಇಟ್ಟಿದ್ದೆ. ಬೀಗ ಹಾಕಿರಲಿಲ್ಲ, ಆ ಬೀಗ ಕೆಟ್ಟು ಎರಡು ವರ್ಷವಾಗಿತ್ತು. ಮಧ್ಯಾಹ್ನದ ಬಿಡುವಿನ ನಂತರ ನೋಡಿದರೆ ಲಕೋಟೆ ಇಲ್ಲ. ಶಾಲೆಯೆಲ್ಲ ಗದ್ದಲವಾಯಿತು. ಕೊಠಡಿಯೊಳಕ್ಕೆ ಯಾರು ಬಂದಿದ್ದರೆಂದು ಮುಖ್ಯೋಪಾಧ್ಯಾಯರು ಕೇಳಿದರು. ಭೂಪಟ ತೆಗೆದುಕೊಂಡು ಹೋಗಲು ಬಂದಿದ್ದನೆಂದು ನಾನು ಒಬ್ಬ ಹುಡುಗನ ಹೆಸರು ಹೇಳಿದೆ.

ನಾನು ಸುಳ್ಳು ಹೇಳಲಿಲ್ಲ. ಅವನು ಬಂದಿದ್ದ. ಆದರೆ ಅವನೊಡನೆ ಇನ್ನಿಬ್ಬರು ಬಂದಿದ್ದರು. ಒಬ್ಬ ಊರಿನ ದೊಡ್ಡ ಅಂಗಡಿಯವರ ಮಗ, ಇನ್ನೊಬ್ಬ ನಮ್ಮ ಸಹೋದ್ಯೋಗಿಯೊಬ್ಬರ ಮಗ. ಅವರ ಹೆಸರು ನನ್ನ ನಾಲಿಗೆಯ ಮೇಲೆ ಬರಲಿಲ್ಲ. ಮೂರನೆಯವನು ಊರ ಹೊರಗಿನ ಕೇರಿಯಿಂದ ಬರುತ್ತಿದ್ದ, ಹಮಾಲಿ ಮಾಡುವವನ ಮಗ. ಅವನ ಹೆಸರು ಮಾತ್ರ ಸಲೀಸಾಗಿ ಬಂದುಬಿಟ್ಟಿತು. ನಾನು ಆ ಹೊತ್ತಿನಲ್ಲಿ ಲೆಕ್ಕ ಹಾಕಿ ಹೀಗೆ ಮಾಡಿದೆನೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಲೆಕ್ಕ ಹಾಕಲಿಲ್ಲ. ಲೆಕ್ಕ ಹಾಕಬೇಕಾದ ಅಗತ್ಯವೇ ಬೀಳಲಿಲ್ಲ ಎಂಬುದೇ ನನ್ನನ್ನು ಹೆಚ್ಚು ನಾಚಿಸುತ್ತದೆ.

ಪೊಲೀಸರು ಬಂದರು. ಹುಡುಗನಿಗೆ 15 ವರ್ಷ. ಆಗ 1986ರ ಬಾಲನ್ಯಾಯ ಕಾಯ್ದೆ ಜಾರಿಯಲ್ಲಿತ್ತು. ಅದರಂತೆ 16 ತುಂಬದ ಹುಡುಗರನ್ನು ಬಾಲಾಪರಾಧಿಗಳ ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕಿತ್ತು. ಹಾಗೆ ಅವನು ಜಿಲ್ಲಾ ಕೇಂದ್ರದ ರಿಮ್ಯಾಂಡ್ ಹೋಮಿಗೆ ಹೋದ. ಜಾಮೀನು ಕೇಳಬಹುದೆಂದು ಅವನ ತಂದೆಗೆ ತಿಳಿದಿರಲಿಲ್ಲ. ಪೌರನೀತಿ ಪಾಠ ಮಾಡುತ್ತಿದ್ದ ನನಗೂ ತಿಳಿದಿರಲಿಲ್ಲ!

ಎರಡನೆಯ ಭಾನುವಾರ ಮನಸ್ಸು ತಡೆಯದೆ ಬಸ್ಸು ಹತ್ತಿದೆ. ಬರಿಗೈಯಲ್ಲಿ ಹೋಗುವುದು ಹೇಗೆ? ನನ್ನ ಕಪಾಟಿನಿಂದ ಗಾಂಧೀಜಿಯವರ ಆತ್ಮಕಥೆಯನ್ನು, ಗೊರೂರರ ಅನುವಾದವನ್ನು, ತೆಗೆದುಕೊಂಡೆ. ಬಸ್ಸಿನಲ್ಲಿ ಕುಳಿತು ಒಂದು ಅಧ್ಯಾಯಕ್ಕೆ ಕಾಗದದ ಚೀಟಿ ಇಟ್ಟೆ. ನಿಮಗೆಲ್ಲ ನೆನಪಿರಬಹುದು, ತರಗತಿಯಲ್ಲಿ ನಾನು ಎಷ್ಟೋ ಸಲ ಹೇಳಿದ ಪ್ರಸಂಗ ಅದು. 15ರ ವಯಸ್ಸಿನಲ್ಲಿ ಮೋಹನದಾಸ ಅಣ್ಣನ ಸಾಲ ತೀರಿಸಲು ಅವನದೇ ಬಂಗಾರದ ತೋಳಬಂದಿಯಿಂದ ಒಂದು ಚೂರು ಕತ್ತರಿಸುತ್ತಾನೆ. ಪಾಪಪ್ರಜ್ಞೆ ತಾಳಲಾರದೆ ತಪ್ಪೊಪ್ಪಿಗೆ ಬರೆದು ಕಾಯಿಲೆ ಮಲಗಿದ್ದ ತಂದೆಯ ಕೈಗೆ ಕೊಡುತ್ತಾನೆ. ತಂದೆ ಕಣ್ಣೀರು ಸುರಿಸುತ್ತ ಚೀಟಿಯನ್ನು ಹರಿದುಹಾಕುತ್ತಾರೆ. ಬೈಯುವುದಿಲ್ಲ, ಹೊಡೆಯುವುದಿಲ್ಲ. ಎಂಥ ಉದಾತ್ತ ಪ್ರಸಂಗ! ಹುಡುಗ ಓದಿ ಕರಗುತ್ತಾನೆ, ಬದಲಾಗುತ್ತಾನೆ ಎಂದು ನಂಬಿದೆ.

ಅವನು ಪುಸ್ತಕವನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಮಾತನಾಡಲಿಲ್ಲ. ಮುಂದಿನ ಭಾನುವಾರ ಹೋದಾಗ ಅದನ್ನು ತಿರುಗಿ ತಂದುಕೊಟ್ಟ. ಚೀಟಿ ಇಟ್ಟಲ್ಲೇ ಇತ್ತು.

"ಓದಿದೆಯೇನಪ್ಪಾ?"

"ಓದ್ದೆ ಸಾರ್. ಗಾಂಧೀಜಿ ಕದ್ದಿದ್ರು ಸಾರ್. ನಾನು ಕದ್ದಿಲ್ಲ."

ಅಷ್ಟೇ ಅವನು ಹೇಳಿದ್ದು. ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಗೆ ಉತ್ತರ ಹೇಳಿದಂತೆ ಹೇಳಿದ. ಪುಸ್ತಕ ಕೊಡುವ ನೆಪದಲ್ಲಿ ನಾನು ಅವನಿಗೆ ತೀರ್ಪು ಕೊಟ್ಟುಬಿಟ್ಟಿದ್ದೆ. ಅವನು ನ್ಯಾಯಾಧೀಶರ ಮುಂದೆ ಇನ್ನೂ ನಿಂತಿರಲಿಲ್ಲ. ನಾನು ಆಗಲೇ ಅವನನ್ನು ಕಳ್ಳನೆಂದು ಒಪ್ಪಿ, ದೊಡ್ಡ ಮನಸ್ಸಿನಿಂದ ಕ್ಷಮಿಸಿಯೂ ಆಗಿತ್ತು.

ಆ ದಿನ ನನ್ನ ಚೀಲದಲ್ಲಿ ಇನ್ನೊಂದು ಪುಸ್ತಕವಿತ್ತು. ಶಾಲೆಯ ಗ್ರಂಥಾಲಯ ನನ್ನ ಉಸ್ತುವಾರಿಯಲ್ಲೇ ಇದ್ದುದರಿಂದ, ನಾನು ಮತ್ತೆ ಓದಲೆಂದು ತಂದಿದ್ದ ದೇವನೂರ ಮಹಾದೇವರ 'ಒಡಲಾಳ'. ಯೋಚನೆ ಮಾಡಿ ಕೊಟ್ಟದ್ದಲ್ಲ. ಆ ಮಾತಿನ ಮುಂದೆ ಏನು ಮಾಡಬೇಕೆಂದು ತೋಚದೆ, ಚೀಲದಲ್ಲಿ ಕೈಗೆ ಸಿಕ್ಕಿದ್ದನ್ನು ಕೊಟ್ಟೆ. ತೆಳ್ಳಗಿನ ಪುಸ್ತಕ. ಓದದವರಿಗಾಗಿ ಒಂದು ಮಾತು: ಸಾಕವ್ವನೆಂಬ ಮುದುಕಿಯ ಹುಂಜ ಕಳೆದುಹೋಗಿದೆ, ಅವಳು ಅದನ್ನು ಹುಡುಕುತ್ತಿದ್ದಾಳೆ. ಹಸಿದ ಮನೆ. ಸಾಹುಕಾರನಲ್ಲಿಂದ ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಒಲೆಯ ಸುತ್ತ ಕುಳಿತು ರಾತ್ರಿಯಿಡೀ ತಿನ್ನುತ್ತಾರೆ. ಮಾರನೆಯ ದಿನ ಪೊಲೀಸರು ಬರುತ್ತಾರೆ. ಗೋಡೆಯ ಮೇಲೆ ಆ ಮನೆಯ ಹುಡುಗಿ ಬಿಡಿಸಿದ ನವಿಲು ಇದೆ. ಇಷ್ಟೇ ಕಥೆ. ಕಳವಿದೆ, ಪೊಲೀಸರಿದ್ದಾರೆ, ಹಸಿವಿದೆ. ಉಪದೇಶ ಒಂದು ಸಾಲೂ ಇಲ್ಲ.

ಮರುವಾರ ಅವನ ಮುಖವೇ ಬೇರೆ ಆಗಿತ್ತು. ರಾತ್ರಿ ದೀಪ ಆರಿಸುವ ಮುಂಚೆ ಜೊತೆಯ ಹುಡುಗರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದನಂತೆ. ಅವರಲ್ಲಿ ಅರ್ಧ ಜನಕ್ಕೆ ಕೂಡಿಸಿ ಓದಲೂ ಬಾರದು. ಕಡಲೆಕಾಯಿ ತಿನ್ನುವ ಭಾಗವನ್ನು ಮೂರು ಸಲ ಓದಿಸಿದರಂತೆ. ನಕ್ಕು ನಕ್ಕು ವಾರ್ಡನರಿಂದ ಬೈಸಿಕೊಂಡರಂತೆ. ಆಮೇಲೆ ಅವನು ಒಂದು ಪ್ರಶ್ನೆ ಕೇಳಿದ: "ಸಾರ್, ನಮ್ಮ ಮನೆಗಳಲ್ಲಿ ಮಾತಾಡೋ ಹಂಗೇ ಪುಸ್ತಕದಲ್ಲಿ ಬರೀಬಹುದಾ?"

ಹದಿನೈದು ವರ್ಷ ಕನ್ನಡವನ್ನೂ ಸಮಾಜವನ್ನೂ ಬೋಧಿಸಿದ್ದ ನನಗೆ ಅಂಥ ಪ್ರಶ್ನೆಯನ್ನು ಯಾವ ಮಗುವೂ ಕೇಳಿರಲಿಲ್ಲ. ಕೇಳುವಂತೆ ನಾನು ಮಾಡಿರಲಿಲ್ಲ ಎಂದರೆ ಸರಿಯಾದೀತು.

ಆ ಮರುವಾರದ ಬುಧವಾರ ಉತ್ತರ ಪತ್ರಿಕೆಗಳ ಕಟ್ಟು ಸೆಳೆಖಾನೆಯಲ್ಲಿ ಹಿಡಿಸಲಿಲ್ಲ. ಸಿಟ್ಟಿನಿಂದ ಸೆಳೆಖಾನೆಯನ್ನೇ ಪೂರ್ತಿ ಹೊರಗೆಳೆದೆ. ಅದರ ಹಿಂದೆ, ಮೇಜಿನ ತಳದ ಹಲಗೆಯ ಮೇಲೆ, ಕಂದು ಲಕೋಟೆ ಬಿದ್ದಿತ್ತು. ಎಣಿಸಿದೆ. ಒಂದು ರೂಪಾಯಿಯೂ ಕಡಿಮೆ ಇರಲಿಲ್ಲ. ತುಂಬಿ ತುಳುಕುತ್ತಿದ್ದ ಸೆಳೆಖಾನೆಯಿಂದ ಹಿಂದಕ್ಕೆ ಜಾರಿತ್ತು. ಕಳ್ಳತನವೇ ನಡೆದಿರಲಿಲ್ಲ!

ಅಂದೇ ಠಾಣೆಗೆ ಹೋಗಿ ಬರೆದುಕೊಟ್ಟೆ. ಹುಡುಗ 23 ದಿನಗಳ ನಂತರ ಮನೆಗೆ ಬಂದ. ಆ ವರ್ಷ ಗಣಿತದಲ್ಲಿ ಫೇಲಾದ. ಮತ್ತೆ ಕಟ್ಟಿ ಪಾಸು ಮಾಡಿಕೊಂಡು ಐ.ಟಿ.ಐ. ಸೇರಿದ. ಅವನಿಗೆ ನಾನು ಹೇಳಿದ್ದು "ದುಡ್ಡು ಸಿಕ್ಕಿತಪ್ಪಾ" ಎಂಬ ಮಾತು ಮಾತ್ರ. "ನನ್ನದು ತಪ್ಪಾಯಿತು" ಎಂಬ ಮಾತು ಮೇಷ್ಟರ ಬಾಯಿಂದ ಹೊರಡಲಿಲ್ಲ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅದೇ ವರ್ಷದ ಆರಂಭದಲ್ಲಿ ಶಾಲಾ ವಾರ್ಷಿಕೋತ್ಸವಕ್ಕೆ ನಾನೇ ಮಕ್ಕಳಿಂದ ಬಿಷಪ್ಪನ ಬೆಳ್ಳಿ ದೀಪದ ಕಂಬಗಳ ನಾಟಕ ಮಾಡಿಸಿದ್ದೆ. ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ 'ಲೆ ಮಿಸರಾಬ್ಲ್' ಕಾದಂಬರಿಯ ಪ್ರಸಂಗ. ಒಂದು ರೊಟ್ಟಿ ಕದ್ದು, ತಪ್ಪಿಸಿಕೊಳ್ಳಲು ಹೋಗಿ ಹೋಗಿ 19 ವರ್ಷ ಸೆರೆ ಅನುಭವಿಸಿದ ಜಾನ್ ವಾಲ್‌ಜಾನ್, ಅನ್ನವಿಟ್ಟ ಬಿಷಪ್ಪನ ಮನೆಯಲ್ಲೇ ಬೆಳ್ಳಿ ಕದಿಯುತ್ತಾನೆ. ಪೊಲೀಸರು ಹಿಡಿದು ತಂದಾಗ ಬಿಷಪ್ಪ, ಅದನ್ನು ತಾನೇ ಕೊಟ್ಟದ್ದೆನ್ನುತ್ತಾನೆ. ನಾಟಕಕ್ಕೆ ಬಹುಮಾನ ಬಂತು. ಅಂದು ಪರದೆ ಎಳೆದವನು ಈ ಹುಡುಗನೇ. ಬಿಷಪ್ಪ ಕದ್ದವನನ್ನು ಕಾಪಾಡಿದ. ನಾನು ಕದಿಯದವನನ್ನು ಹಿಡಿದುಕೊಟ್ಟೆ.

ಇರಲಿ, ನನ್ನ ಪುರಾಣ ಸಾಕು. ಫೋನು ಮಾಡಿದ ತಂದೆಗೆ ನಾನು ಏನು ಹೇಳಿದೆ ಎಂಬುದನ್ನು ಬರೆಯುತ್ತೇನೆ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರು, ವಕೀಲರು, ಇಬ್ಬರು ಪೊಲೀಸ್ ಇಲಾಖೆಯಲ್ಲೂ ಇದ್ದೀರಿ. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲನೆಯದಾಗಿ, ಪುಸ್ತಕಕ್ಕಿಂತ ಮುಂಚೆ ವಕೀಲರನ್ನು ನೋಡು ಎಂದೆ. ಈಗಿರುವುದು 2015ರ ಕಾಯ್ದೆ. 18 ತುಂಬದವರಿಗೆ ಜಾಮೀನು ಕೊಡುವುದೇ ಅದರಲ್ಲಿ ನಿಯಮ, ನಿರಾಕರಿಸುವುದು ಅಪವಾದ. ನಿರಾಕರಿಸಿದರೆ ಮಂಡಳಿ ಕಾರಣ ಬರೆಯಬೇಕು. ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. 16 ದಾಟಿದವರ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಮಾತ್ರ ದೊಡ್ಡವರಂತೆ ವಿಚಾರಣೆಗೆ ಒಳಪಡಿಸುವ ಅವಕಾಶವಿದೆ. ಬೈಕಿನ ಕಳವು ಆ ಪಟ್ಟಿಗೆ ಬರುವುದಿಲ್ಲ. ಇದನ್ನು ಕೇಳಿ ಅವನು ಮೊದಲ ಬಾರಿ ಉಸಿರು ಬಿಟ್ಟ. 1998ರಲ್ಲಿ ಆ ಹಮಾಲಿಗೆ ಇಷ್ಟನ್ನು ಯಾರಾದರೂ ಹೇಳಿದ್ದರೆ!

ಪುಸ್ತಕಗಳ ವಿಷಯಕ್ಕೆ ಬರೋಣ. ಸೆರೆಮನೆ ಎಂದೊಡನೆ ನಮಗೆ ನೆನಪಾಗುವುದು ಮಹಾತ್ಮರ ಸೆರೆಮನೆ. ಮಂಡಾಲೆಯಲ್ಲಿ ತಿಲಕರು ಬರೆದ 'ಗೀತಾರಹಸ್ಯ', ಅಹಮದ್‌ನಗರದ ಕೋಟೆಯಲ್ಲಿ ನೆಹರೂ ಬರೆದ 'ಭಾರತ ದರ್ಶನ', 27 ವರ್ಷ ಸೆರೆಯಲ್ಲಿದ್ದ ಮಂಡೇಲಾರ ಆತ್ಮಕಥೆ. ಎಲ್ಲವೂ ಪೂಜ್ಯ ಗ್ರಂಥಗಳೇ. ಆದರೆ ಆ ಮಹನೀಯರು ಸೆರೆಮನೆಗೆ ತಲೆಯೆತ್ತಿ ಹೋದವರು. ಹೊರಬಂದಾಗ ಜನ ಹಾರ ಹಿಡಿದು ಕಾದಿದ್ದರು. ನಮ್ಮ ಈ ಹುಡುಗರು ಮುಖಕ್ಕೆ ಟವೆಲು ಮುಚ್ಚಿಕೊಂಡು ಹೋಗುವವರು. ಹೊರಗೆ ಬಂದಾಗ ಕಾದಿರುವುದು ಬೀದಿಯ ಪಿಸುಮಾತು. ಮಂಡೇಲಾರ ಪುಸ್ತಕ ಕೊಟ್ಟರೆ ಆ ಹುಡುಗ ಮನಸ್ಸಿನಲ್ಲೇ, "ಅವರು ದೇಶಕ್ಕಾಗಿ ಹೋದರು, ನಾನು ಬೈಕಿಗಾಗಿ ಬಂದೆ" ಎಂದುಕೊಂಡು ಇನ್ನಷ್ಟು ಕುಗ್ಗುತ್ತಾನೆ. ಇವು ಬೇಡವೆನ್ನುತ್ತಿಲ್ಲ. ಮೊದಲ ವಾರಕ್ಕೆ ಬೇಡ.

ಹಾಗೆಯೇ ಬಸ್ ನಿಲ್ದಾಣದಲ್ಲಿ ರಾಶಿ ಹಾಕಿರುವ ಯಶಸ್ಸಿನ ಸೂತ್ರಗಳ ಪುಸ್ತಕಗಳು ಮೊದಲ ವಾರಕ್ಕೂ ಬೇಡ, ಕೊನೆಯ ವಾರಕ್ಕೂ ಬೇಡ. ನನ್ನ ಅಳಿಯಂದಿರು ಅಂಥ ಒಂದನ್ನು ನನಗೆ ನಿವೃತ್ತಿಯ ಉಡುಗೊರೆಯಾಗಿ ಕೊಟ್ಟಿದ್ದರು. ಮುಂಜಾನೆ ನಾಲ್ಕಕ್ಕೆ ಎದ್ದರೆ ಜೀವನ ಬದಲಾಗುತ್ತದೆಯಂತೆ. ವೀಕ್ಷಣಾಲಯದ ಹುಡುಗನಿಗೆ ಏಳುವ ಹೊತ್ತನ್ನು ಬೇರೆಯವರು ನಿಗದಿ ಮಾಡಿರುತ್ತಾರೆ.

'ಒಡಲಾಳ'ದ ನಂತರ ನಾನು ಹೆಸರಿಸಿದ್ದು ಸಿದ್ದಲಿಂಗಯ್ಯನವರ 'ಊರುಕೇರಿ'. ಕವಿ 2021ರಲ್ಲಿ ತೀರಿಕೊಂಡರು. ಈ ಆತ್ಮಕಥೆ ಮಾತ್ರ ಹುಡುಗರ ಕೈಯಲ್ಲಿ ಇನ್ನೂ ಓಡಾಡುತ್ತಿದೆ. ಮಾಗಡಿ ಸೀಮೆಯ ಮಂಚನಬೆಲೆಯ ಬಾಲಕ ದೂರದ ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತಿನ ಹಾಗೆ ನೊಗ ಹೊತ್ತಿರುವುದನ್ನು ನೋಡುತ್ತಾನೆ, ಅವರಲ್ಲೊಬ್ಬ ತನ್ನ ಅಪ್ಪನೆಂದು ತಿಳಿಯುತ್ತದೆ. ಇಂಥದನ್ನು ಕಂಡವನು ಪುಸ್ತಕದ ತುಂಬ ಕಣ್ಣೀರು ಸುರಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ನಗಿಸುತ್ತಾರೆ. ಹಾಸ್ಟೆಲಿನ ಹಸಿವನ್ನೂ ನಗುತ್ತ ಹೇಳುತ್ತಾರೆ. ಅವಮಾನವನ್ನು ಅನುಭವಿಸಿಯೂ ನಗುವ ಹಕ್ಕನ್ನು ಬಿಟ್ಟುಕೊಡದಿರುವುದು ಒಂದು ಬಗೆಯ ಶೌರ್ಯವೆಂದು ನನಗೆ ತೋರುತ್ತದೆ. 15–16ರ ಹುಡುಗರು ಅದನ್ನು ನಮಗಿಂತ ಬೇಗ ಗುರುತಿಸುತ್ತಾರೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994) ಇನ್ನೂ ಖಾರವಾದ ಪುಸ್ತಕ. ಅದನ್ನು ಓದುವ ಹುಡುಗನಿಗೆ ಸಿಟ್ಟು ಬರುತ್ತದೆ. ಬರಲಿ. ಸಿಟ್ಟು ಬಂದವನು ಕುಗ್ಗಿದವನಿಗಿಂತ ಮೇಲು, ಮಾತನಾಡಲು ಯಾರಾದರೂ ಪಕ್ಕದಲ್ಲಿದ್ದರೆ.

ಮರಾಠಿಯಿಂದ ಕನ್ನಡಕ್ಕೆ ಬಂದಿರುವ ಲಕ್ಷ್ಮಣ ಗಾಯಕವಾಡರ 'ಉಚಲ್ಯಾ' ಬಗ್ಗೆ ಹೆಚ್ಚು ಹೇಳಬೇಕು. 1988ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಆತ್ಮಕಥೆ. ಬ್ರಿಟಿಷರು 1871ರಲ್ಲಿ ಒಂದು ಕಾಯ್ದೆ ಮಾಡಿ ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಹಣೆಪಟ್ಟಿ ಹಚ್ಚಿದರು. ಮಗು ಹುಟ್ಟಿದರೆ ಅದೂ ಅಪರಾಧಿ! ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ, ಆ ಕಾಯ್ದೆ ರದ್ದಾಯಿತು. ಕಾಗದದ ಮೇಲೆ ರದ್ದಾದದ್ದು ಪೊಲೀಸ್ ಠಾಣೆಯಲ್ಲಿ ರದ್ದಾಗಬೇಕಲ್ಲ? ಗಾಯಕವಾಡರು ಅಂಥ ಜನಾಂಗದ ಮನೆಯಲ್ಲಿ ಹುಟ್ಟಿದವರು. ಜೇಬು ಕತ್ತರಿಸುವುದನ್ನು ಮಕ್ಕಳಿಗೆ ಹೇಗೆ ಕಲಿಸುತ್ತಿದ್ದರು, ರಾತ್ರಿ ಪೊಲೀಸರು ಮನೆಗೆ ನುಗ್ಗಿದಾಗ ಏನಾಗುತ್ತಿತ್ತು, ಆ ಮನೆಯ ಹುಡುಗ ಶಾಲೆಗೆ ಹೋಗುವುದು ತನ್ನವರಿಗೇ ಎಷ್ಟು ವಿಚಿತ್ರವಾಗಿ ಕಂಡಿತು ಎಂಬುದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಕಳವನ್ನು ಸಮರ್ಥಿಸುವುದಿಲ್ಲ, ಕಳ್ಳನನ್ನು ಬಿಟ್ಟುಕೊಡುವುದೂ ಇಲ್ಲ. ನಿಜವಾಗಿಯೂ ತಪ್ಪು ಮಾಡಿರುವ ಹುಡುಗನಿಗೆ ಕೊಡಬಹುದಾದ ಪುಸ್ತಕಗಳು ಬಹಳ ಕಡಿಮೆ, ಇದು ಅವುಗಳಲ್ಲೊಂದು. ಆದರೆ ಹಸಿ ಹಸಿಯಾದ ವಿವರಗಳಿವೆ, ದೊಡ್ಡವರು ಮೊದಲು ಓದಿಕೊಂಡು ಕೊಡುವುದು ಒಳ್ಳೆಯದು.

ಬಡತನವೊಂದೇ ಕಷ್ಟವಾಗಿರುವ ಮಕ್ಕಳಿಗೆ ಎಚ್. ನರಸಿಂಹಯ್ಯನವರ 'ಹೋರಾಟದ ಹಾದಿ'ಯನ್ನು ಕೊಡುತ್ತ ಬಂದಿದ್ದೇನೆ. ಗೌರಿಬಿದನೂರು ಬಳಿಯ ಹೊಸೂರಿನಿಂದ ಓದಿಗಾಗಿ ಬೆಂಗಳೂರಿಗೆ ನಡೆದೇ ಬಂದ ಹುಡುಗ. 1942ರಲ್ಲಿ ಓದು ಬಿಟ್ಟು ಚಳವಳಿಗೆ ಹೋಗಿ ಸೆರೆಮನೆ ಕಂಡರು. ಮುಂದೆ ಕುಲಪತಿಗಳಾದ ಮೇಲೂ ವಿದ್ಯಾರ್ಥಿನಿಲಯದ ಕೊಠಡಿಯಲ್ಲೇ ಬದುಕಿದರು. ಆ ಪುಸ್ತಕ ಕೊಟ್ಟಾಗ ಮಕ್ಕಳು ಮೊದಲು ಕೇಳುವುದು "ಅಷ್ಟು ದೂರ ನಡೆದ್ರಾ ಸಾರ್?" ಎಂದು. ಕುಲಪತಿಯಾದದ್ದು ಅವರಿಗೆ ದೊಡ್ಡದಲ್ಲ, ನಡೆದದ್ದು ದೊಡ್ಡದು.

ನಿರಂಜನರ 'ಚಿರಸ್ಮರಣೆ'ಯನ್ನು ಬಿಡಲು ಮನಸ್ಸು ಬಾರದು. ಕಯ್ಯೂರು ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. 1941ರ ಘಟನೆಗಾಗಿ ನಾಲ್ವರು ರೈತ ತರುಣರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಐದನೆಯವನಿಗೆ ಇನ್ನೂ ವಯಸ್ಸು ತುಂಬಿರಲಿಲ್ಲವೆಂದು ಗಲ್ಲು ತಪ್ಪಿತು. ಕಾದಂಬರಿಯಲ್ಲಿ ಒಬ್ಬ ಮಾಸ್ತರರಿದ್ದಾರೆ, ಹುಡುಗರ ಕಣ್ಣು ತೆರೆಸುವವರು. ಓದುವಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಹೆಣ್ಣುಮಕ್ಕಳಿಗೆ ಯಾವುದು ಎಂದು ನನ್ನ ತಂಗಿಯ ಮಗಳು ಒಮ್ಮೆ ಕೇಳಿದ್ದಳು. ಅವಳು ಬಾಲಮಂದಿರವೊಂದರಲ್ಲಿ ಆಪ್ತ ಸಮಾಲೋಚಕಿ. ಆನ್ ಫ್ರಾಂಕಳ ದಿನಚರಿ ಎಂದಿದ್ದೆ. 13ನೆಯ ಹುಟ್ಟುಹಬ್ಬಕ್ಕೆ ಸಿಕ್ಕ ಪುಸ್ತಕದಲ್ಲಿ ಬರೆಯತೊಡಗಿ, 1942ರ ಜುಲೈಯಿಂದ 1944ರ ಆಗಸ್ಟ್‌ವರೆಗೆ ಅಡಗುತಾಣದಲ್ಲಿ ಬದುಕಿದ ಹುಡುಗಿ. ಕೆಲವು ವಾರಗಳ ನಂತರ ಅವಳು ಹೇಳಿದಳು: "ದೊಡ್ಡಪ್ಪ"—ನನ್ನನ್ನು ಅವಳು ಸೋದರಮಾವನೆಂದು ಕರೆಯುವುದಿಲ್ಲ, ನನ್ನ ಮಕ್ಕಳಿಂದ ಏನೇನೋ ರೂಢಿ—"ಅವರಿಗೆ ಯುದ್ಧದ ವಿಷಯ ಅಷ್ಟು ಹಿಡಿಸಲಿಲ್ಲ. ಅಮ್ಮನ ಜೊತೆ ಜಗಳ ಆಡ್ತಾಳಲ್ಲ, ಅದನ್ನ ಓದಿ ಓದಿ ಅತ್ತರು." ಅಂದಿನಿಂದ ಆ ಮಕ್ಕಳಲ್ಲಿ ನಾಲ್ವರು ತಾವೂ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದಾರಂತೆ. ಅದನ್ನು ಯಾರೂ ತೆರೆದು ನೋಡಬಾರದೆಂದು ಅವಳು ನಿಯಮ ಮಾಡಿಸಿದ್ದಾಳೆ. ಒಳ್ಳೆಯ ಕೆಲಸ. ಸಾನೆ ಗುರೂಜಿಯವರ 'ಶ್ಯಾಮನ ತಾಯಿ'ಯನ್ನು ಮಾತ್ರ ಕೊಡಬೇಡ ಎಂದು ನಾನೇ ತಡೆದೆ. ಅವರೂ ಶಾಲಾ ಮಾಸ್ತರರು, 1933ರಲ್ಲಿ ನಾಸಿಕದ ಜೈಲಿನಲ್ಲಿ ಕುಳಿತು ತಾಯಿಯನ್ನು ನೆನೆದು ಬರೆದದ್ದು. ಅಮೃತದಂಥ ಪುಸ್ತಕ. ತಾಯಿ ನೋಡಲು ಬಾರದ ಮಗುವಿನ ಕೈಗೆ ಅಮೃತವನ್ನೂ ನೋಡಿ ಕೊಡಬೇಕು.

ಕೊನೆಗೆ ಆ ತಂದೆಗೆ, ಪುಸ್ತಕದೊಳಗೆ ಚೀಟಿ ಇಡಬೇಡ ಎಂದೆ. ಮೊದಲ ಪುಟದಲ್ಲಿ "ಒಳ್ಳೆಯವನಾಗು" ಎಂದು ಬರೆಯಬೇಡ. ಬರೆಯುವುದಿದ್ದರೆ ಬೇರೆ ಕಾಗದದಲ್ಲಿ ಪತ್ರ ಬರಿ. ನಾಯಿ ಮರಿ ಹಾಕಿತು, ಮನೆಯ ಮುಂದಿನ ಚರಂಡಿ ಕಟ್ಟಿಕೊಂಡಿತು, ಹೀಗೆ. ನೆಹರೂ 1930ರಿಂದ 1933ರವರೆಗೆ ಸೆರೆಮನೆಗಳಿಂದ ಮಗಳಿಗೆ ಬರೆದದ್ದು 196 ಪತ್ರಗಳು, ಇಡೀ ಜಗತ್ತಿನ ಇತಿಹಾಸ. ನೀನು ಇತಿಹಾಸ ಬರೆಯಬೇಕಾಗಿಲ್ಲ. ಇಲ್ಲಿ ಒಳಗಿರುವವನು ಮಗ, ಬರೆಯಬೇಕಾದವನು ಹೊರಗಿರುವ ಅಪ್ಪ, ಅಷ್ಟೇ ವ್ಯತ್ಯಾಸ. ಅವನು ಅತ್ತ. ನಾನು ಫೋನು ಹಿಡಿದು ಸುಮ್ಮನೆ ಕುಳಿತೆ. ಕಾಫಿ ಆರಿಹೋಗಿತ್ತು.

ಆ ಸಂಜೆಯೇ ನಾನು ಆ ಹಳೆಯ ಹುಡುಗನನ್ನು ಹುಡುಕಿಕೊಂಡು ಹೋದೆ. ಅವನಿಗೆ ನಮ್ಮ ಪಟ್ಟಣದಲ್ಲೇ ಮೋಟಾರು ರೀವೈಂಡಿಂಗ್ ಅಂಗಡಿಯಿದೆ. ರೈತರ ಪಂಪ್‌ಸೆಟ್ಟುಗಳು ಸುಟ್ಟುಹೋದರೆ ಅವನಲ್ಲಿಗೇ ಬರುತ್ತವೆ. ದಾರಿಯಲ್ಲಿ ಕಂಡಾಗಲೆಲ್ಲ ನಮಸ್ಕಾರ ಹೇಳುತ್ತಾನೆ, ನಾನೂ ಹೇಳುತ್ತೇನೆ. 25 ವರ್ಷಕ್ಕೂ ಹೆಚ್ಚು ಕಾಲ ಅಷ್ಟರಲ್ಲೇ ಕಳೆದೆವು. ಅಂದು ಸ್ಟೂಲಿನ ಮೇಲೆ ಕುಳಿತು, "ಅವತ್ತು ಕೊಠಡಿಗೆ ಮೂವರು ಬಂದಿದ್ದಿರಿ. ನಾನು ನಿನ್ನೊಬ್ಬನ ಹೆಸರು ಮಾತ್ರ ಹೇಳಿದೆ. ನನ್ನದು ತಪ್ಪಾಯಿತಪ್ಪಾ" ಎಂದೆ.

ಅವನು ತಾಮ್ರದ ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು ಸಾರ್" ಎಂದ. "ನಾವು ಮೂರು ಜನ ಒಟ್ಟಿಗೇ ಬಂದಿದ್ವಲ್ಲ."

ಗೊತ್ತಿತ್ತು! ಗಾಂಧೀಜಿಯ ಪುಸ್ತಕವನ್ನು ಎರಡು ಕೈಯಲ್ಲಿ ತೆಗೆದುಕೊಂಡ ದಿನವೂ ಅವನಿಗೆ ಗೊತ್ತಿತ್ತು.

ಎಷ್ಟೋ ಹೊತ್ತಾದ ಮೇಲೆ ಅವನು ಹುಡುಗನನ್ನು ಕಳಿಸಿ ಚಹಾ ತರಿಸಿದ. ಬಂದ ಕಾರಣವನ್ನೂ ಹೇಳಿದೆ. ಯಾವ ಪುಸ್ತಕ ಕೊಡಿಸಲಿ, ನೀನೇ ಹೇಳು ಎಂದೆ. ಅವನು ಎದ್ದು ಒಳಗೆ ಹೋಗಿ, ಗೋಡೆಯ ಗೂಡಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದ. ಒಳಗೆ ತೆಳ್ಳಗಿನ 'ಒಡಲಾಳ'. ರಕ್ಷಾಪುಟ ಹರಿದು ಹೊಲಿಗೆ ಹಾಕಲಾಗಿದೆ. ಮೊದಲ ಪುಟದಲ್ಲಿ ನಮ್ಮ ಶಾಲೆಯ ದುಂಡನೆಯ ನೇರಳೆ ಮೊಹರು, ಕೆಳಗೆ ನನ್ನ ಕೈಬರಹದ ದಾಖಲೆ ಸಂಖ್ಯೆ. ಆ ವರ್ಷದ ದಾಸ್ತಾನು ಪರಿಶೀಲನೆಯಲ್ಲಿ ಈ ಪುಸ್ತಕವನ್ನು "ಕಳೆದುಹೋಗಿದೆ" ಎಂದು ಬರೆದು, ಬೆಲೆಯನ್ನು ನನ್ನ ಕೈಯಿಂದ ಕಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ.

"ಇದೊಂದನ್ನ ಮಾತ್ರ ನಾನು ಕದ್ದಿದ್ದು ಸಾರ್" ಎಂದ. "ಆ ಹುಡುಗನಿಗೆ ಕೊಡಿ. ವಾಪಸ್ ಕೊಡ್ಲಿಲ್ಲ ಅಂದ್ರೆ ಕೇಳ್ಬೇಡಿ."